ಅತ್ತೆಗೆ ಶುಗರ್ ತಾನಾಗೇ ಇಳೀತಿದೆ ಅಂತ ಖುಷಿಪಟ್ಟಿದ್ವಿ, ಈಗ ಕಿಡ್ನಿ ಅಂತಿದಾರೆ. ಅನುಭವ ಇರೋರು ಹೇಳಿ

ಹೊಳೆನರಸೀಪುರದ ಸೊಸೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಉದ್ದ ಆಗತ್ತೆ, ಸಹಿಸ್ಕೊಳ್ಳಿ.

ನಮ್ಮತ್ತೆಗೆ 74. ಶುಗರ್ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಬಿಪಿಗೆ ಟೆಲ್ಮಿಸಾರ್ಟನ್ 40, ಶುಗರ್‌ಗೆ ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಎರಡೂ ಸೇರಿರೋ ಮಾತ್ರೆ ದಿನಕ್ಕೆರಡು. ಅತ್ತೆ ಮಾವ ಊರಲ್ಲೇ ಇರ್ತಾರೆ, ನಾವು ಮೈಸೂರಲ್ಲಿ. ಹೋದ ವರ್ಷದ ತನಕ ಖಾಲಿ ಹೊಟ್ಟೆ ಶುಗರ್ 180ರ ಕೆಳಗೆ ಬಂದಿದ್ದೇ ಇಲ್ಲ. ಯುಗಾದಿ ಕಳೆದ ಮೇಲೆ ನೋಡಿದ್ರೆ 130, ಆಮೇಲೆ 110, ಆಮೇಲೆ 95. ಮಾತ್ರೆ ಬದಲಾಯಿಸಿಲ್ಲ, ಮುದ್ದೆ ಬಿಟ್ಟಿಲ್ಲ. "ನೋಡ್ದೇನವ್ವಾ, ಮೆಂತ್ಯದ ನೀರು ಕುಡೀತಿರೋದಕ್ಕೆ" ಅಂತ ಅತ್ತೆಗೆ ಹೆಮ್ಮೆ. ನಾವೂ ನಂಬಿದ್ವಿ.

ಕಳೆದ ವಾರ ಬೆಳಗಿನ ಜಾವ 3 ಗಂಟೆಗೆ ಬಚ್ಚಲಿಗೆ ಅಂತ ಎದ್ದೋರು ನಡುಮನೇಲಿ ಬಿದ್ದಿದಾರೆ. ಮೈಯೆಲ್ಲ ಬೆವರು, ಮಾತು ತೊದಲ್ತಿತ್ತಂತೆ. ಮಾವ ಲಕ್ವ ಹೊಡೀತು ಅಂದ್ಕೊಂಡು ಗಾಬರಿಯಾಗಿದಾರೆ. ಪಕ್ಕದ ಮನೆ ಹುಡುಗ ಬಂದು ಮೀಟರ್ ಹಾಕಿದ್ರೆ 46. ಸಕ್ಕರೆ ನೀರು ಕುಡಿಸಿದ ಮೇಲೆ ಸರಿಹೋದ್ರು. ಮಾರನೇ ದಿನ ಹಾಸನದಲ್ಲಿ ತೋರಿಸಿದ್ವಿ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ) 1.5, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಲೆಕ್ಕ) 36, ಪೊಟ್ಯಾಸಿಯಂ 5.4, ಹಿಮೋಗ್ಲೋಬಿನ್ 9.6, ಮೂತ್ರದ ಎಸಿಆರ್ (ಮೂತ್ರದಲ್ಲಿ ಸೋರೋ ಪ್ರೋಟೀನ್ ಲೆಕ್ಕ) 640, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) 6.4.

ಡಾಕ್ಟರು "ಕಿಡ್ನಿ ಮೂರನೇ ಹಂತ, ಬಿ" ಅಂದ್ರು. ಎರಡು ವರ್ಷದ ಹಿಂದಿನ ರಿಪೋರ್ಟ್ ಹುಡುಕಿದ್ರೆ ಕ್ರಿಯಾಟಿನಿನ್ 1.2 ಇತ್ತು, ಆಗ ಯಾರೂ ಏನೂ ಹೇಳ್ಲಿಲ್ಲ. 1.2ರಿಂದ 1.5 ಅಂದ್ರೆ ಚೂರು ತಾನೆ ಜಾಸ್ತಿ ಆಗಿರೋದು? ಡಯಾಲಿಸಿಸ್ ಹತ್ರ ಬಂತಾ? ಮನೇಲಿ ಯಾರಿಗೂ ನಿದ್ದೆ ಇಲ್ಲ.

ಲ್ಯಾಬ್ ಮೇಷ್ಟ್ರು · ಭಾನುವಾರ ರಾತ್ರಿ

ತಾಯಿ, ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಡಾಕ್ಟರಲ್ಲ, ಅಂಕಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಗದ್ದೆ ಕೆಲಸ ಮಾಡುವ ಮೂವತ್ತರ ಹುಡುಗನಿಗೆ 1.5 ಬಂದರೆ ಲೆಕ್ಕದಲ್ಲಿ ಇಜಿಎಫ್‌ಆರ್ 64ರ ಹತ್ತಿರ ಇರುತ್ತದೆ. ಅದೇ 1.5 ನಿಮ್ಮತ್ತೆಯಂಥ 74ರ ಹೆಂಗಸಿಗೆ 36. ಮೈಯಲ್ಲಿ ಮಾಂಸ ಕಡಿಮೆಯಾದಷ್ಟೂ ಕ್ರಿಯಾಟಿನಿನ್ ಸುಳ್ಳು ಸಮಾಧಾನ ಕೊಡುತ್ತದೆ. ಎರಡು ವರ್ಷದ ಹಿಂದಿನ ನಿಮ್ಮ 1.2 ಇದೆಯಲ್ಲ, ಅದನ್ನು ಲೆಕ್ಕ ಹಾಕಿ ನೋಡಿದೆ, ಸುಮಾರು 48 ಬರುತ್ತದೆ. ಆಗಲೇ 60ಕ್ಕಿಂತ ಕೆಳಗಿತ್ತು. ಬಹಳ ಲ್ಯಾಬುಗಳು ಆಗ ಇಜಿಎಫ್‌ಆರ್ ಅಚ್ಚು ಹಾಕುತ್ತಲೇ ಇರಲಿಲ್ಲ, 1.2 ನೋಡಿ ಎಲ್ಲರೂ ಹಾಳೆ ಮಡಚಿಟ್ಟಿರುತ್ತಾರೆ.

ಇಜಿಎಫ್‌ಆರ್ 45ರಿಂದ 59 ಇದ್ದರೆ ಹಂತ ಮೂರು ಎ, 30ರಿಂದ 44 ಮೂರು ಬಿ, 15ರಿಂದ 29 ನಾಲ್ಕು, 15ಕ್ಕಿಂತ ಕೆಳಗೆ ಐದು. ಡಯಾಲಿಸಿಸ್ ಮಾತು ಬರುವುದು ಐದರಲ್ಲಿ, ಅದೂ ಅಂಕಿ ನೋಡಿಯಲ್ಲ, ತೊಂದರೆ ನೋಡಿ. ಹಾಗಾಗಿ ಇವತ್ತು ರಾತ್ರಿ ನಿದ್ದೆ ಮಾಡಿ.

ನನಗೆ ಹೆಚ್ಚು ಯೋಚನೆ ಆಗಿದ್ದು 640 ನೋಡಿ. ಎಸಿಆರ್ 30ರ ಒಳಗಿರಬೇಕು, 300 ದಾಟಿದರೆ ಪ್ರೋಟೀನ್ ಜೋರಾಗಿ ಸೋರುತ್ತಿದೆ ಎಂದರ್ಥ. ಜ್ವರ, ಉರಿಮೂತ್ರ ಇದ್ದಾಗ ಕೊಟ್ಟರೆ ಸುಳ್ಳಾಗಿ ಏರಬಹುದು, ಅದಕ್ಕೆ ಇನ್ನೊಮ್ಮೆ ಮಾಡಿಸಿ. ಮೂರು ತಿಂಗಳ ಅಂತರದಲ್ಲೂ ಹೀಗೇ ಇದ್ದರೆ ಆಗ ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ.

ರಾತ್ರಿ ಪಾಳಿ · ಸೋಮವಾರ ಬೆಳಿಗ್ಗೆ

ಸ್ಟಾಫ್ ನರ್ಸ್ ನಾನು, ಈಗಷ್ಟೇ ಡ್ಯೂಟಿ ಮುಗೀತು. ಸೊಸೆಯವರೇ, ಮೆಂತ್ಯದ ನೀರಿನ ಪಾತ್ರ ಇದ್ರಲ್ಲಿ ಏನೂ ಇಲ್ಲ.

ಇನ್ಸುಲಿನ್ ಕೆಲಸ ಮುಗಿಸಿದ ಮೇಲೆ ಅದನ್ನ ಮೈಯಿಂದ ತೆಗೆಯೋದ್ರಲ್ಲಿ ಕಿಡ್ನಿಗೂ ಪಾಲಿದೆ. ಕಿಡ್ನಿ ಸೋತರೆ ಇನ್ಸುಲಿನ್ ಮೈಯಲ್ಲೇ ಹೆಚ್ಚು ಹೊತ್ತು ಸುತ್ತುತ್ತೆ. ಗ್ಲಿಮೆಪಿರೈಡ್ ಕೂಡ ಹಂಗೇ ಉಳ್ಕೊಳತ್ತೆ. ಇಪ್ಪತ್ತು ವರ್ಷ ಆಡಿಸಿದ ಶುಗರ್ ಏನೂ ಮಾಡದೆ ತಾನಾಗೇ ಇಳಿದ್ರೆ ನಾವು ವಾರ್ಡಲ್ಲಿ ಮೊದಲು ಕೇಳೋದೇ ಕ್ರಿಯಾಟಿನಿನ್ ಎಷ್ಟು ಅಂತ. ವಾಸಿಯಾಯ್ತು ಅಂತ ಸಿಹಿ ಹಂಚಿದ ಮನೆಗಳನ್ನ ನೋಡಿದೀನಿ ನಾನು.

ಎಚ್‌ಬಿಎ1ಸಿ 6.4 ಅನ್ನೋದು ಈ ವಯಸ್ಸಿಗೆ ಒಳ್ಳೆ ಮಾರ್ಕ್ಸ್ ಅಲ್ಲ, ಬೀಳೋಕೆ ದಾರಿ. ರಕ್ತ ಕಮ್ಮಿ ಇದ್ದಾಗ ಆ ಅಂಕಿಯನ್ನ ಪೂರ್ತಿ ನಂಬೋಕೂ ಆಗಲ್ಲ. ನಿಮ್ಮ ಡಾಕ್ಟರ್ ಹತ್ರ ಗ್ಲಿಮೆಪಿರೈಡ್ ಮುಂದುವರಿಸ್ಬೇಕಾ ಅಂತ ಇವತ್ತೇ ಕೇಳಿ. ಮೆಟ್‌ಫಾರ್ಮಿನ್ ಡೋಸೂ ಕೇಳಿ. ಇಜಿಎಫ್‌ಆರ್ 45ರ ಕೆಳಗೆ ಹೋದ್ರೆ ಅದನ್ನ ಇಳಿಸ್ತಾರೆ, 30ರ ಕೆಳಗೆ ನಿಲ್ಲಿಸ್ತಾರೆ.

ಇನ್ನೊಂದು ಪ್ರಶ್ನೆ. ಮಂಡಿ ನೋವಿಗೆ ಏನು ತಗೋತಾರೆ?

ಹೊಳೆನರಸೀಪುರದ ಸೊಸೆ · ಸೋಮವಾರ ಮಧ್ಯಾಹ್ನ

ಏನೂ ಇಲ್ಲ ಮೇಡಂ, ಎಣ್ಣೆ ಹಚ್ಕೋತಾರೆ ಅಷ್ಟೇ. ಫೋನಲ್ಲಿ ಕೇಳ್ದೆ, "ನಂಗ್ಯಾವ ಮಾತ್ರೆ, ಇರೋದೇ ಸಾಕಾಗಿದೆ" ಅಂದ್ರು.

ರಾತ್ರಿ ಪಾಳಿ · ಸೋಮವಾರ ಮಧ್ಯಾಹ್ನ

ಕೇಳ್ಬೇಡಿ, ನೋಡಿ. ದಿಂಬಿನ ಕೆಳಗೆ, ದೇವರ ಗೂಡು, ಎಲೆಅಡಿಕೆ ಸಂಚಿ.

ಪ್ರಕೃತಿ ಪ್ರಿಯ · ಸೋಮವಾರ ಸಂಜೆ

ಇಂಗ್ಲಿಷ್ ಔಷಧಿಯಿಂದಲೇ ಕಿಡ್ನಿ ಹೋಗೋದು. ಎಲ್ಲಾ ನಿಲ್ಲಿಸಿ. ನಮ್ಮ ಕಡೆ ಒಬ್ಬರು ಪುಡಿ ಕೊಡ್ತಾರೆ, ಮೂರು ತಿಂಗಳಲ್ಲಿ ಕ್ರಿಯಾಟಿನಿನ್ ನಾರ್ಮಲ್. ಡಯಾಲಿಸಿಸ್‌ನಿಂದ ಹೊರಗೆ ಬಂದವರಿದ್ದಾರೆ. ಇನ್‌ಬಾಕ್ಸ್‌ಗೆ ಬನ್ನಿ.

ಘಟ್ಟದ ಕೆಳಗಿನವ · ಸೋಮವಾರ ಸಂಜೆ

ಇನ್‌ಬಾಕ್ಸಿಗೆ ಯಾಕೆ ಮಾರಾಯ್ರೆ, ಪುಡಿಯಲ್ಲಿ ಎಂತ ಉಂಟು ಅಂತ ಇಲ್ಲಿಯೇ ಬರೆಯಿರಲ್ಲ.

ಗಿಡಮೂಲಿಕೆ ಅಂದ ಕೂಡಲೇ ಕಿಡ್ನಿಗೆ ತಂಪು ಅಂತ ಇಲ್ಲ. ಈಶ್ವರಿ ಬಳ್ಳಿ ನಮ್ಮ ಗುಡ್ಡೆಯಲ್ಲಿಯೇ ಬೆಳೆಯುವ ಬಳ್ಳಿ, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುವುದಲ್ಲದೆ ಕ್ಯಾನ್ಸರಿಗೂ ದಾರಿ. ಕೆಲವು ಭಸ್ಮಗಳಲ್ಲಿ ಸೀಸ, ಪಾದರಸ. ನಮ್ಮ ಮಾವನವರು ಕೊಲೆಸ್ಟ್ರಾಲಿಗೆ ಅಂತ ಹಿತ್ತಲಿನ ಬಿಂಬುಳಿ ಹಿಂಡಿ ಬೆಳಿಗ್ಗೆ ಒಂದು ಲೋಟ ಕುಡಿದವರು. ಒಂದೇ ವಾರದಲ್ಲಿ ಮೂತ್ರ ಕಮ್ಮಿ, ಕಾಲು ಬಾತು ಆಸ್ಪತ್ರೆಗೆ ಸೇರಿದ್ದು. ಅದರಲ್ಲಿರುವ ಆಕ್ಸಲೇಟ್ ಹರಳಾಗಿ ಹೋಗಿ ಕಿಡ್ನಿಯಲ್ಲಿ ಕೂತಿತ್ತು. ಕೇರಳದ ಡಾಕ್ಟರುಗಳು ಇಂಥದ್ದೇ ಪ್ರಕರಣಗಳನ್ನು ದಾಖಲಿಸಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಬಿಂಬುಳಿಯ ಅಣ್ಣ ದಾರೆಹುಳಿ, ನಕ್ಷತ್ರದ ಹಾಗೆ ತುಂಡಾಗುವುದು. ಕಿಡ್ನಿ ಸೋತವರಿಗೆ ಅದರಿಂದ ಬಿಡದ ಬಿಕ್ಕಳಿಕೆ, ಫಿಟ್ಸ್ ತನಕ ಹೋಗುತ್ತದೆ. ಸಾರಿಗೆ ಒಂದು ತುಂಡು ಕೂಡ ಬೇಡ.

ನಿರ್ವಾಹಕರು · ಸೋಮವಾರ ರಾತ್ರಿ

ಔಷಧಿ ಮಾರಾಟದ ಪೋಸ್ಟ್‌ಗೆ ಇಲ್ಲಿ ಜಾಗವಿಲ್ಲ. "ಪ್ರಕೃತಿ ಪ್ರಿಯ" ಅವರಿಗೆ ಒಂದು ತಿಂಗಳು ವಿರಾಮ. ಅವರ ಪೋಸ್ಟ್ ಅಳಿಸುತ್ತಿಲ್ಲ, ಅದರ ಕೆಳಗಿನ ಉತ್ತರ ನಾಲ್ಕು ಜನಕ್ಕೆ ಉಪಯೋಗವಾಗಲಿ.

ಹೊಳೆನರಸೀಪುರದ ಸೊಸೆ · ಗುರುವಾರ

ರಾತ್ರಿ ಪಾಳಿ ಮೇಡಂ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕೋ ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ.

ಸಂಚಿಯಲ್ಲೇ ಇತ್ತು. ಸುಣ್ಣದ ಡಬ್ಬಿ ಪಕ್ಕ, ಪೇಪರ್‌ನಲ್ಲಿ ಸುತ್ತಿ. ಅಸೆಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ, ಜೊತೆಗೆ ಹೆಸರೇ ಇಲ್ಲದ ಒಂದು ಕೆಂಪು ಮಾತ್ರೆ. ಸಂತೆ ದಿನ ಅಂಗಡೀಲಿ "ಮಂಡಿ ನೋವಿಗೆ" ಅಂತ ಕೇಳಿ ತರ್ತಿದ್ರಂತೆ. ದಿನಕ್ಕೆರಡು, ಎಂಟು ತಿಂಗಳಿಂದ. ನಮ್ಮನೆಯವರು ರೇಗಿಬಿಟ್ರು. ಅತ್ತೆ ಅಳ್ತಾ "ಕೂತ್ರೆ ಏಳಕ್ಕಾಗಲ್ಲ, ನಿಮ್ಮನ್ನ ಕರ್ಯಕ್ಕೆ ನೀವಿಲ್ಲಿ ಇರ್ತೀರಾ" ಅಂದ್ರು. ಅದಕ್ಕೆ ನಮ್ಮಿಬ್ಬರ ಹತ್ರಾನೂ ಉತ್ತರ ಇರ್ಲಿಲ್ಲ.

ಡಾಕ್ಟರ್‌ಗೆ ಪೊಟ್ಟಣ ತೋರಿಸಿದ್ವಿ. ಕೆಂಪು ಮಾತ್ರೆ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನಪಟ್ಟು ಏನೇನೋ ಟೆಸ್ಟ್ ಬರೆದ್ರು. ಇಂಥ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು, ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಯಾವ್ದೂ ಮನೆಯೊಳಗೆ ಬರಬಾರದು. ನೋವಿಗೆ ಪ್ಯಾರಾಸಿಟಮಾಲ್, ಜೊತೆಗೆ ಮಂಡಿಗೆ ವ್ಯಾಯಾಮ. ಗ್ಲಿಮೆಪಿರೈಡ್ ಪೂರ್ತಿ ಬಂದ್. ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಶುಗರ್‌ಗೇ ಲಿನಾಗ್ಲಿಪ್ಟಿನ್ 5, ಕಿಡ್ನಿ ಕಾಯೋಕೆ ಹೊಸದಾಗಿ ಡಪಾಗ್ಲಿಫ್ಲೋಜಿನ್ 10. ಶುಗರ್ ಸ್ವಲ್ಪ ಏರಿದ್ರೂ ಚಿಂತೆ ಇಲ್ಲ, ಎಚ್‌ಬಿಎ1ಸಿ 7ರಿಂದ 8ರ ಒಳಗೆ ಇದ್ರೆ ಸಾಕು ಅಂದ್ರು.

ಈಗ ಅಡುಗೆ ಮನೆ ಸಮಸ್ಯೆ. ಪೊಟ್ಯಾಸಿಯಂ 5.4 ಜಾಸ್ತಿ ಅಂತ ಒಂದು ಪಟ್ಟಿ ಕೊಟ್ಟಿದಾರೆ: ಎಳನೀರು, ಬಾಳೆಹಣ್ಣು, ಸೊಪ್ಪು, ಕಾಳು, ರಾಗಿ ಎಲ್ಲಾ ಬೇಡ. ಹಾಸನದ ಹೆಂಗಸಿಗೆ ಸೊಪ್ಪು, ಕಾಳು, ರಾಗಿ ಬೇಡ ಅಂದ್ರೆ ಏನು ತಿನ್ನೋದು? ನಾನು ಬಿಪಿಗೆ ಒಳ್ಳೇದು ಅಂತ ಆರು ತಿಂಗಳಿಂದ ಕಡಿಮೆ ಸೋಡಿಯಂ ಇರೋ ದುಬಾರಿ ಉಪ್ಪು ಬೇರೆ ಕಳಿಸ್ತಿದೀನಿ.

ಲ್ಯಾಬ್ ಮೇಷ್ಟ್ರು · ಗುರುವಾರ

ಆ ಉಪ್ಪಿನ ಪ್ಯಾಕೆಟ್ ಹಿಂದೆ ಓದಿ. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ನಿಮ್ಮ 5.4ರಲ್ಲಿ ಅದರ ಪಾಲೂ ಇರಬಹುದು. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಹಿಡಿದಿಡುತ್ತದೆ, ನೋವಿನ ಮಾತ್ರೆಯೂ ಹಿಡಿದಿಡುತ್ತದೆ. ಮೂರೂ ಸೇರಿದವು.

ಮಂಡ್ಯದ ಅಡುಗೆ ಅಜ್ಜಿ · ಗುರುವಾರ ರಾತ್ರಿ

ನಾನು ಅಜ್ಜಿ ಏನಲ್ಲ, 52. ನಮ್ಮಮ್ಮಂಗೆ ಆರು ವರ್ಷದಿಂದ ಇದೇ ಕಾಯಿಲೆ, ಅಡುಗೆ ನಂದೇ.

ಸೊಪ್ಪು ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ನೀರು ಚೆಲ್ಲಿ ಅಂತ ಎಲ್ಲ ಆಹಾರ ತಜ್ಞರೂ ಹೇಳ್ತಾರೆ. ಪೊಟ್ಯಾಸಿಯಂ ನೀರಿಗೆ ಇಳಿಯುತ್ತೆ. ಸರಿ. ಆದ್ರೆ ನಮ್ಮ ಕಡೆ ಆ ನೀರು ಚೆಲ್ತೀವಾ? ಬಸಿದ ನೀರಿನಲ್ಲೇ ತಾನೆ ಬಸ್ಸಾರು! ಉಪ್ಸಾರು ಅಂದ್ರೂ ಅದೇ ಕಟ್ಟು. ತಜ್ಞರ ಪಟ್ಟೀಲಿ "ಬೇಯಿಸಿ ಬಸಿದ ಸೊಪ್ಪು ತಿನ್ನಬಹುದು" ಅಂತಿತ್ತು, ನಾನು ಎರಡು ತಿಂಗಳು ಶ್ರದ್ಧೆಯಿಂದ ಬಸಿದು, ಪಲ್ಯ ನಾವು ತಿಂದು ಸಾರು ಅಮ್ಮಂಗೆ ಕೊಟ್ಟೆ, ಹಲ್ಲಿಲ್ಲ ಪಾಪ ಅಂತ. ಪೊಟ್ಯಾಸಿಯಂ 5.8ಕ್ಕೆ ಹೋಯ್ತು.

ಈಗ ತಿರುಗಿಸಿದೀನಿ. ಪಲ್ಯ ನುಣ್ಣಗೆ ಮಾಡಿ ಅಮ್ಮಂಗೆ, ಬಸ್ಸಾರು ನಮಗೆ. ಅವರ ಮುದ್ದೆಗೆ ತೆಳು ತೊಗರಿಬೇಳೆ ಸಾರು, ಇಲ್ಲ ಸೋರೆಕಾಯಿ, ಹೀರೆಕಾಯಿ, ಸೀಮೆಬದನೆ ಹುಳಿ. ಉಪ್ಸಾರಿನ ಖಾರ ನಾಲಿಗೆಗೆ ಸಿಗ್ಲಿ ಅಂತ ಉಪ್ಪಿಲ್ಲದೆ ಅರೆದು ತುದಿಬೆರಳಷ್ಟು ಇಡ್ತೀನಿ.

ರಾಗಿ ಪೂರ್ತಿ ಬಿಡಿಸ್ಬೇಡಿ, ನಿಮ್ಮ ಡಾಕ್ಟರನ್ನ ಇನ್ನೊಂದ್ಸಲ ಕೇಳಿ. ಅಕ್ಕಿಗಿಂತ ರಾಗೀಲಿ ಪೊಟ್ಯಾಸಿಯಂ, ರಂಜಕ ಜಾಸ್ತಿ ನಿಜ. ಆದ್ರೆ ಕಾಳು ರಾಗಿಯ ರಂಜಕ ಮೈಗೆ ಅರ್ಧಂಬರ್ಧ ಹತ್ತೋದು, ಬಾಟಲಿ ಕೋಲಾ, ಪ್ಯಾಕೆಟ್ ತಿಂಡಿಗೆ ಸೇರಿಸಿರೋದು ಹೆಚ್ಚುಕಮ್ಮಿ ಪೂರ್ತಿ ಹತ್ತುತ್ತೆ. ಅಮ್ಮಂಗೆ ದಿನಕ್ಕೆ ಒಂದೇ ಹೊತ್ತು, ಕಿತ್ತಳೆ ಹಣ್ಣಿನ ಗಾತ್ರದ ಮುದ್ದೆಗೆ ಅನುಮತಿ ಸಿಕ್ಕಿದೆ. ಅದೊಂದು ಇರೋದಕ್ಕೇ ಉಳಿದ ಪಥ್ಯ ಪಾಲಿಸ್ತಾರೆ.

ನಿಜವಾದ ಶತ್ರು ಉಪ್ಪು. ದಿನಕ್ಕೆ 5 ಗ್ರಾಂ ಅಂದ್ರೆ ಮಟ್ಟಸ ಒಂದು ಟೀ ಚಮಚ, ಎಲ್ಲಾ ಸೇರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಬೇಕರಿ ಖಾರ ಬಿಸ್ಕತ್ತು. ಮೊದಲು ಅಲ್ಲಿ ಕೈ ಹಾಕಿ. ಪ್ರೋಟೀನ್ ಭಯಕ್ಕೆ ಬೇಳೆ, ಮೊಟ್ಟೆ ಎಲ್ಲ ನಿಲ್ಲಿಸೋರೂ ಇದಾರೆ. ನಮಗೆ ಹೇಳಿದ್ದು ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ. 50 ಕೆಜಿ ಇದ್ರೆ 40 ಗ್ರಾಂ. ವಯಸ್ಸಾದೋರಿಗೆ ಅದಕ್ಕಿಂತ ಇಳಿಸಿದ್ರೆ ತೊಡೆ ಕರಗಿ ಹೋಗತ್ತೆ.

ಹಾ, ಶುಗರ್ ಇಳಿದಾಗ ಎಳನೀರು, ಕಿತ್ತಳೆ ರಸ ಕುಡಿಸ್ಬೇಡಿ. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ, ಹದಿನೈದು ನಿಮಿಷಕ್ಕೆ ಮತ್ತೆ ಮೀಟರ್.

ಧಾರವಾಡ ಪೇಡೆ · ಶುಕ್ರವಾರ

ಅಕ್ಕಾರ, ನಮ್ಮಪ್ಪಗ 78. ಎರಡು ವರ್ಷದಿಂದ ವಾರಕ್ಕ ಎರಡ ಸಲ ತಾಲೂಕ ಆಸ್ಪತ್ರ್ಯಾಗ ಡಯಾಲಿಸಿಸ್ ನಡದೈತಿ, ಒಂದ್ ಸಲಕ್ಕ ನಾಕ ತಾಸು. ರೊಕ್ಕ ತಗೋಳ್ಳಂಗಿಲ್ಲ. 2016ರಾಗ ಕೇಂದ್ರದವ್ರು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಅಂತ ಚಾಲೂ ಮಾಡಿದ್ರಲ್ಲ, ಅದರಾಗ. ಹೋಗಿ ಬರೂ ಗಾಡಿ ಖರ್ಚು, ಕೂಡ ಒಬ್ಬರ ಕೂಲಿ ಹೋಗೂದು, ಅದ ದೊಡ್ಡದು.

ನಾವು ಮಾಡಿದ ತಪ್ಪು ಹೇಳ್ತೀನಿ. ಇಜಿಎಫ್‌ಆರ್ 18 ಇದ್ದಾಗ ಡಾಕ್ಟರು ಫಿಸ್ಟುಲಾ ಮಾಡಸ್ರಿ ಅಂದ್ರು. ಡಯಾಲಿಸಿಸ್ ಸೂಜಿ ಹಾಕಾಕ ಕೈಯಾಗಿನ ಎರಡು ರಕ್ತನಾಳ ಕೂಡಸೂ ಸಣ್ಣ ಆಪರೇಶನ್ ಅದು, ಹಣ್ಣಾಗಾಕ ಒಂದೂವರಿಯಿಂದ ಮೂರು ತಿಂಗಳು ಬೇಕು. ಅಪ್ಪ "ಅದನ್ನ ಮಾಡಿಸಿದ್ರ ಡಯಾಲಿಸಿಸ್ ಬಂದ ಬರತೈತಿ" ಅಂತ ಹಟ ಹಿಡದ, ನಾವೂ ಸುಮ್ಮನಾದ್ವಿ. ಆಮ್ಯಾಲ ಒಂದ್ ರಾತ್ರಿ ಉಸುರು ಕಟ್ಟಿ ಓಡಿದ್ವಿ. ಕುತ್ತಿಗಿಗೆ ಪೈಪ್ ಹಾಕಿದ್ರು, ಅದಕ್ಕ ನಂಜಾತು, ಹದಿನೆಂಟ ದಿನ ಐಸಿಯು.

ನಿಮ್ಮ ಅತ್ತೀಗೆ ಇನ್ನೂ ದೂರ ಐತಿ. ಆದ್ರ ಇವತ್ತಿನಿಂದ ಒಂದ್ ಕೆಲಸ ಮಾಡ್ರಿ. ಬಲಗೈಲೆ ಉಣ್ಣೋರಾದ್ರ ಎಡಗೈ ಕಾಯ್ರಿ. ರಕ್ತ ತಗ್ಯೂದು, ಸಲೈನ್ ಸೂಜಿ ಎಲ್ಲಾ ಬಲಗೈ ಹಿಂಭಾಗಕ್ಕ ಹಾಕ್ರಿ ಅನ್ರಿ. ಚುಚ್ಚಿ ಚುಚ್ಚಿ ನರ ಕೆಟ್ವು ಅಂದ್ರ ಮುಂದ ಫಿಸ್ಟುಲಾ ಹತ್ತೂದಿಲ್ಲ. ಹೆಪಟೈಟಿಸ್ ಬಿ ಲಸಿಕಿನೂ ಈಗ ಹಾಕಸ್ರಿ, ಕಿಡ್ನಿ ಪೂರ್ತಿ ಸೋತ ಮ್ಯಾಲ ಅದು ಸರಿಯಾಗಿ ಹತ್ತೂದಿಲ್ಲಂತ.

ಸಾಗರದ ಕಡೆಯವಳು · ಶುಕ್ರವಾರ ರಾತ್ರಿ

ಡಯಾಲಿಸಿಸ್ ಬೇಡ ಎನ್ನುವ ದಾರಿಯೂ ಒಂದು ಇದೆ ಅಂತ ಇಲ್ಲಿ ಯಾರಾದರೂ ಬರೆದಿರಲಿ. ಅಮ್ಮನಿಗೆ 83, ಇಜಿಎಫ್‌ಆರ್ 9, ಹೃದಯವೂ ಸೋತಿತ್ತು, ಮರೆವು ಶುರುವಾಗಿತ್ತು. ಆಸ್ಪತ್ರೆಗೆ ನಮ್ಮೂರಿಂದ ಒಂದೂವರೆ ಗಂಟೆ ದಾರಿ. ಕಿಡ್ನಿ ತಜ್ಞರು ಅಮ್ಮನನ್ನೇ ಕೇಳಿದರು, ಅಮ್ಮ ಬೇಡ ಅಂದರು. ಅದು ಕೈಬಿಡುವುದಲ್ಲ. ಊತಕ್ಕೆ ಮಾತ್ರೆ, ರಕ್ತಕ್ಕೆ ಚುಚ್ಚುಮದ್ದು, ತುರಿಕೆಗೆ, ವಾಕರಿಕೆಗೆ ಔಷಧಿ ಎಲ್ಲ ನಡೆದೇ ಇತ್ತು. ಹದಿನಾಲ್ಕು ತಿಂಗಳು ಮನೆಯಲ್ಲೇ ಇದ್ದರು, ಕೊನೆಯ ಹದಿನೈದು ದಿನ ಬಿಟ್ಟರೆ ಜಗಲಿಗೆ ಬಂದು ಕೂರುತ್ತಿದ್ದರು. ಅಣ್ಣ ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ನಿಮ್ಮತ್ತೆಗೆ ಈಗ ಆ ಪ್ರಶ್ನೆಯೇ ಇಲ್ಲ. ಆದರೆ ಅವರು ಗಟ್ಟಿಯಾಗಿರುವಾಗಲೇ ಒಮ್ಮೆ ಅವರ ಮನಸ್ಸು ಕೇಳಿಟ್ಟುಕೊಳ್ಳಿ.

ಹೊಳೆನರಸೀಪುರದ ಸೊಸೆ · ಐದು ವಾರದ ನಂತರ

ಮತ್ತೆ ಬಂದೆ. ಪೊಟ್ಯಾಸಿಯಂ 4.8. ದುಬಾರಿ ಉಪ್ಪು ತಿಪ್ಪೆಗೆ ಹೋಯ್ತು. ರಾತ್ರಿ ಬೆವರೋದು ನಿಂತಿದೆ, ಖಾಲಿ ಹೊಟ್ಟೆ 130ರಿಂದ 150.

ಆದ್ರೆ ಕ್ರಿಯಾಟಿನಿನ್ 1.7 ಬಂದಿದೆ! ಇಜಿಎಫ್‌ಆರ್ 31. ನೋವಿನ ಮಾತ್ರೆ ಬಿಟ್ಟೂ ಏರಿದೆ. ನಮ್ಮನೆಯವರು ಹೊಸ ಮಾತ್ರೆ ನಿಲ್ಸಿಬಿಡೋಣ ಅಂತಿದಾರೆ. ಡಾಕ್ಟರ್ ಸೋಮವಾರ ಸಿಗ್ತಾರೆ.

ರಾತ್ರಿ ಪಾಳಿ · ಅದೇ ದಿನ

ನೀವಾಗೇ ನಿಲ್ಲಿಸ್ಬೇಡಿ, ಫೋನ್ ಮಾಡಿ ಕೇಳಿ. ಡಪಾಗ್ಲಿಫ್ಲೋಜಿನ್ ಶುರುಮಾಡಿದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಒಂದು ಮೆಟ್ಟಿಲು ಇಳಿಯೋದು ಗೊತ್ತಿರೋ ವಿಷಯ. ಸೋಸೋ ಗಂಟುಗಳೊಳಗೆ ಒತ್ತಡ ಜಾಸ್ತಿ ಇರುತ್ತೆ, ಮಾತ್ರೆ ಅದನ್ನ ಇಳಿಸುತ್ತೆ. ಆ ಒತ್ತಡ ಇಳಿದಿದ್ದೇ ಅಂಕಿಯಲ್ಲಿ ಕಾಣೋದು. ಟೆಲ್ಮಿಸಾರ್ಟನ್ ಶುರುಮಾಡಿದಾಗಲೂ ಹಂಗೇ. ಶೇ. 30ರ ತನಕ ಬದಲಾವಣೆ ಸಾಮಾನ್ಯವಾಗಿ ಒಪ್ಕೋತಾರೆ. 36ರಿಂದ 31 ಅಂದ್ರೆ ಶೇ. 14. ಆದ್ರೂ ಬೇರೆ ಕಾರಣ ಇದೆಯಾ ಅಂತ ಡಾಕ್ಟರೇ ನೋಡಿ ಹೇಳ್ಬೇಕು.

ಒಂದು ಸೂಕ್ಷ್ಮ ವಿಷಯ, ಹೆಂಗಸರ ಹತ್ರ ಹೆಂಗಸರೇ ಕೇಳ್ಬೇಕು. ಈ ಮಾತ್ರೆ ಸಕ್ಕರೆಯನ್ನ ಮೂತ್ರದಲ್ಲಿ ಕಳಿಸುತ್ತೆ, ಅದ್ರಿಂದ ಕೆಳಗೆ ತುರಿಕೆ, ಬಿಳಿ ಬೂಷ್ಟು ಆಗಬಹುದು. ಅತ್ತೆ ತಾವಾಗಿ ಹೇಳಲ್ಲ.

ವಾಂತಿ ಭೇದಿ ಆಗಿ ಊಟ ನೀರು ಸೇರದೇ ಇದ್ದ ದಿನ ಡಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಕೊಡಬೇಕಾ ನಿಲ್ಲಿಸ್ಬೇಕಾ ಅನ್ನೋದನ್ನ ಈಗಲೇ ಬರೆಸ್ಕೊಂಡು ಗೋಡೆಗೆ ಅಂಟಿಸಿ. ಸಾಮಾನ್ಯವಾಗಿ ತಾತ್ಕಾಲಿಕವಾಗಿ ನಿಲ್ಲಿಸೋಕೆ ಹೇಳ್ತಾರೆ. ಕಣ್ಣಿನ ಪೊರೆ, ಮಂಡಿ ಅಂತ ಆಪರೇಶನ್ ಬಂದ್ರೆ ಈ ಮಾತ್ರೆ ವಿಷಯ ಮೊದಲೇ ಹೇಳಿ. ಬಣ್ಣದ ಔಷಧಿ ಕೊಟ್ಟು ಮಾಡೋ ಸಿಟಿ ಸ್ಕ್ಯಾನ್‌ಗೂ ಮೊದಲು ಕಿಡ್ನಿ ವಿಷಯ ಹೇಳಿ.

ಘಟ್ಟದ ಕೆಳಗಿನವ · ಅದೇ ದಿನ

ಈ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದಿದೆ. ಬೇರೆ ಬೇರೆ ಕಂಪನಿಯವು ಬಹಳ ಕಡಿಮೆಗೆ ಸಿಗುತ್ತವೆ, ಜನೌಷಧಿಯಲ್ಲಿಯೂ ಕೇಳಿ ನೋಡಿ. ನಾವು ಒಂದು ವರ್ಷ ಸುಮ್ಮನೆ ಹೆಚ್ಚು ದುಡ್ಡು ಕೊಟ್ಟದ್ದು.

ಹೊಳೆನರಸೀಪುರದ ಸೊಸೆ · ನಾಲ್ಕು ತಿಂಗಳ ನಂತರ

ಕ್ರಿಯಾಟಿನಿನ್ 1.6ಕ್ಕೆ ನಿಂತಿದೆ, ಎರಡು ಸಲ ನೋಡಿದ್ರೂ ಅಷ್ಟೇ. ಎಸಿಆರ್ 640 ಇದ್ದಿದ್ದು 390. ಕಬ್ಬಿಣದ ಕೊರತೆ ಇತ್ತು, ರಕ್ತನಾಳಕ್ಕೆ ಸೂಜಿ ಹಾಕಿ ಕೊಟ್ರು, ಎಡಗೈಗೆ ಬೇಡ ಅಂದಿದ್ದಕ್ಕೆ ಅಲ್ಲಿನ ಸಿಸ್ಟರ್ ನನ್ನ ಮುಖ ನೋಡಿ "ಯಾರು ಹೇಳಿಕೊಟ್ರು" ಅಂದ್ರು. ಹಿಮೋಗ್ಲೋಬಿನ್ 10.8.

ತುರಿಕೆ ನಿಜವಾಗ್ಲೂ ಇತ್ತು, ಮೂರು ವಾರ ಮುಚ್ಚಿಟ್ಟಿದ್ರು. ಮುಲಾಮಿಗೆ ಹೋಯ್ತು. ಮಧ್ಯೆ ಒಂದು ಬೀಗರೂಟ ತಿಂದು ಭೇದಿ ಆಯ್ತು. ಮಾವ ಗೋಡೆ ಚೀಟಿ ನೋಡಿ ಮೂರೂ ಮಾತ್ರೆ ಅವರೇ ನಿಲ್ಸಿ, ಆಮೇಲೆ ನಮಗೆ ಫೋನ್ ಮಾಡಿದ್ರು. ಮುದ್ದೆ ಒಂದು ಹೊತ್ತು, ಕಿತ್ತಳೆ ಹಣ್ಣಿನ ಗಾತ್ರ. ಅತ್ತೆ ಪ್ರಕಾರ ನಾನು ನೋಡಿರೋ ಕಿತ್ತಳೆ ಚಿಕ್ಕದು. ಸಂಚಿ ವಾರಕ್ಕೊಂದ್ಸಲ ನಾನೇ ತಪಾಸಣೆ ಮಾಡ್ತೀನಿ. ಈಗ ಅವರೇ ಮುಂದೆ ಹಿಡಿದು "ನೋಡ್ಕೊಳ್ಳವ್ವಾ ಪೊಲೀಸಮ್ಮ" ಅಂತಾರೆ. ಮಂಡಿ ನೋವು ಮಾತ್ರ ಹಂಗೇ ಇದೆ. ಇಂಗ್ಲಿಷ್ ಕಮೋಡ್ ಹಾಕ್ಸಿದ್ವಿ, ಕೋಲು ಕೊಡ್ಸಿದ್ವಿ. ಕೋಲು ಹಿಡಿಯಲ್ಲ, ಬೀದಿಯೋರು ಮುದುಕಿ ಅಂತಾರಂತೆ.

ಲ್ಯಾಬ್ ಮೇಷ್ಟ್ರು · ಅದೇ ದಿನ

390 ನೋಡಿ ಸಂತೋಷವಾಯಿತು ತಾಯಿ. ಮುಂದಿನ ಸಲ ಎಸಿಆರ್‌ಗೆ ಬೆಳಿಗ್ಗೆ ಎದ್ದ ಕೂಡಲೇ ಹಿಡಿದ ಮೊದಲ ಮೂತ್ರವನ್ನೇ ಕೊಡಿ, ಹೋಲಿಕೆ ಸರಿಯಾಗಿರುತ್ತದೆ.

ಹೊಳೆನರಸೀಪುರದ ಸೊಸೆ · ಅದೇ ದಿನ

ಅದೇ ಸರ್ ಕಷ್ಟ. ಆ ಡಬ್ಬಿ ಬಸ್ಸಲ್ಲಿ ಹಾಸನಕ್ಕೆ ಹಿಡ್ಕೊಂಡು ಹೋಗೋಕೆ ಅತ್ತೆ ಬಿಲ್ಕುಲ್ ಒಪ್ತಿಲ್ಲ. ಮಾವನ ಬ್ಯಾಗಲ್ಲಿ ಇಟ್ರೆ ಪರವಾಗಿಲ್ವಂತೆ, ಮಾವ ಒಪ್ತಿಲ್ಲ. ಎಷ್ಟು ಹೊತ್ತು ಇಟ್ಟಿದ್ರೆ ನಡೆಯತ್ತೆ?

ಲ್ಯಾಬ್ ಮೇಷ್ಟ್ರು · ಅದೇ ದಿನ

ಒಂದೆರಡು ಗಂಟೆಯಾದರೆ ತೊಂದರೆ ಇಲ್ಲ, ಬಿಸಿಲಿಗೆ ಇಡಬೇಡಿ. ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ಅದಕ್ಕೂ ಒಪ್ಪದಿದ್ದರೆ ಲ್ಯಾಬಿನಲ್ಲೇ ಕೊಡಲಿ, ಪ್ರತಿಸಲ ಅದೇ ಹೊತ್ತಿಗೆ ಕೊಟ್ಟರಾಯಿತು.